ಜೇನುಪೆಟ್ಟಿಗೆಯಲ್ಲಿ ವಿಚಿತ್ರ ನೊಣ ಕಂಡರೆ: ಮ್ಯುಟೇಶನ್ನಾ, ರೋಗವಾ, ಕಣ್ತಪ್ಪಾ?

ಪೆಟ್ಟಿಗೆ ತೆರೆದಿದ್ದೀರಿ, ಫ್ರೇಮ್ ಎತ್ತಿದ್ದೀರಿ, ಸಾವಿರಾರು ನೊಣಗಳ ಮಧ್ಯೆ ಒಂದು ಮಾತ್ರ ಬೇರೆ ಥರ ಇದೆ. ಕಣ್ಣು ಬೆಳ್ಳಗಿದೆ. ಇಲ್ಲವೇ ಮೈ ತಾಮ್ರದ ಬಣ್ಣಕ್ಕಿದೆ. ಇಲ್ಲವೇ ತಲೆ ಗಂಡಿನದು, ಹಿಂಭಾಗ ಹೆಣ್ಣಿನದು. ಮೊದಲು ಕೈ ಹೋಗುವುದು ಮೊಬೈಲಿಗೆ. ಫೋಟೋ ತೆಗೆಯಿರಿ, ಬೇಡ ಅನ್ನುವುದಿಲ್ಲ. ಆದರೆ ನೊಣವನ್ನು ಹಾರಿಹೋಗಲು ಬಿಡಬೇಡಿ, ಅದು ಯಾವ ಫ್ರೇಮಿನ ಯಾವ ಭಾಗದಲ್ಲಿತ್ತು ಅಂತ ನೆನಪಿಟ್ಟುಕೊಳ್ಳಿ. ಒಂದು ನೊಣದ ಒಂದು ಫೋಟೋ ನೋಡಿ "ಇದು ಮ್ಯುಟೇಶನ್", ಅಂದರೆ ಜೀನಿನಲ್ಲೇ ಆದ ಬದಲಾವಣೆ, ಅಂತ ಹೇಳುವವರು ಅಂದಾಜಿನಲ್ಲಿ ಹೇಳುತ್ತಿದ್ದಾರೆ ಅಷ್ಟೇ.

ನಾನು ಬಿಳಿ ಕಣ್ಣಿನ ನೊಣ "ಕಂಡುಹಿಡಿದ" ಕಥೆ ಕೇಳಿ. ನುಸಿ ಇದೆಯಾ ಅಂತ ನೋಡಲು ಗಂಡು ಕೋಶಗಳ, ಅಂದರೆ ಗಂಡು ಮರಿಗಳು ಬೆಳೆಯುವ ಕೋಶಗಳ, ಮುಚ್ಚಳ ಬಿಚ್ಚುತ್ತಿದ್ದೆ. ಒಂದರ ಹಿಂದೆ ಒಂದು, ಹೊರಗೆ ಎಳೆದ ಹುಳಕ್ಕೆಲ್ಲ ಹಾಲಿನಂಥ ಬಿಳಿ ಕಣ್ಣು. ನನಗೆ ಜೇನು ಸಾಕುವುದನ್ನು ಕಲಿಸಿದ ಹಿರಿಯರಿಗೆ ಕೂಡಲೇ ಫೋನ್ ಮಾಡಿದೆ. "ಮೈ ಯಾವ ಬಣ್ಣ ಇದೆಯಪ್ಪಾ?" ಅಂತ ಕೇಳಿದರು. "ಅದೂ ಬೆಳ್ಳಗೇ ಇದೆ ಸಾರ್" ಅಂದೆ. "ಹಾಗಾದ್ರೆ ಇನ್ನೊಂದು ವಾರ ಬಿಟ್ಟು ಫೋನ್ ಮಾಡು" ಅಂದು ಇಟ್ಟುಬಿಟ್ಟರು. ಪ್ಯೂಪಾ ಹಂತದಲ್ಲಿ, ಅಂದರೆ ಮುಚ್ಚಿದ ಕೋಶದೊಳಗೆ ಮರಿ ನೊಣವಾಗಿ ಬದಲಾಗುವಾಗ, ಎಲ್ಲ ಜೇನುನೊಣಗಳ ಕಣ್ಣೂ ಮೊದಲು ಬೆಳ್ಳಗೇ ಇರುತ್ತದೆ. ಆಮೇಲೆ ಗುಲಾಬಿ, ಆಮೇಲೆ ನೇರಳೆ, ಕೊನೆಗೆ ಕಪ್ಪು. ನಾನು ಎಳೆದದ್ದು ಬೆಳೆಯುತ್ತಿದ್ದ ಸಾಮಾನ್ಯ ಹುಳಗಳನ್ನು.

ಆ ಒಂದು ಪ್ರಶ್ನೆ, "ಮೈ ಯಾವ ಬಣ್ಣ", ಅದೇ ಒಳ್ಳೆಯ ಪರೀಕ್ಷೆ. ಅದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಒಂದು ವಿಷಯ ಗೊತ್ತಿರಬೇಕು, ಅದು ಗೊತ್ತಿಲ್ಲದಿದ್ದರೆ ಉಳಿದದ್ದೆಲ್ಲ ಕತ್ತಲಲ್ಲಿ ತಡಕಾಡಿದ ಹಾಗೆ.

ಗಂಡು ನೊಣವೇ ನಿಮ್ಮ ಟೆಸ್ಟ್ ಕಿಟ್

ರಾಣಿಗೂ ಕೆಲಸಗಾರ ನೊಣಕ್ಕೂ (ಅದೂ ಹೆಣ್ಣೇ) 32 ಕ್ರೋಮೋಸೋಮ್. ತಾಯಿಯಿಂದ 16, ತಂದೆಯಿಂದ 16. ಗಂಡು ನೊಣ ಹುಟ್ಟುವುದು ಗಂಡಿನ ವೀರ್ಯ ಸೇರದ ಮೊಟ್ಟೆಯಿಂದ. ಹಾಗಾಗಿ ಅದಕ್ಕೆ ತಾಯಿಯ 16 ಮಾತ್ರ. 1845ರಲ್ಲಿ ಯಾನ್ ಜಿಯರ್‌ಜೋನ್ ಎಂಬ ಪಾದ್ರಿ ಇದನ್ನು ಹೇಳಿದಾಗ ಬಹಳ ಜನ ನಂಬಲಿಲ್ಲ. ಗಂಡಿಗೆ ಅಪ್ಪ ಇಲ್ಲ, ಆದರೆ ಅಮ್ಮನ ಕಡೆಯ ತಾತ ಇದ್ದಾನೆ. ಕೇಳಲು ಒಗಟಿನ ಹಾಗಿದೆ, ಅಲ್ವಾ?

ಇದರಿಂದ ನಮಗೇನು ಲಾಭ? ಬಹುಪಾಲು ಮ್ಯುಟೇಶನ್‌ಗಳು ಅಡಗಿ ಕೂರುವ ಜಾತಿಯವು. ಒಂದು ಜೀನ್ ಕೆಟ್ಟಿದ್ದರೂ ಅದರ ಜೋಡಿ ಸರಿ ಇದ್ದರೆ ಹೊರಗೆ ಏನೂ ಕಾಣುವುದಿಲ್ಲ. ಗಂಡಿಗೆ ಜೋಡಿಯೇ ಇಲ್ಲ. ಕೆಟ್ಟದ್ದು ಬಂದರೆ ಕಂಡೇ ಕಾಣುತ್ತದೆ. ರಾಣಿ ಒಂದು ಕೆಟ್ಟ ಜೀನ್ ಹೊತ್ತುಕೊಂಡಿದ್ದರೆ ಅವಳು ಹಡೆಯುವ ಗಂಡುಗಳಲ್ಲಿ ಹತ್ತಿರಹತ್ತಿರ ಅರ್ಧಕ್ಕೆ ಅದು ಹೋಗುತ್ತದೆ, ಕೆಲಸಗಾರರಲ್ಲಿ ಒಂದಕ್ಕೂ ಕಾಣದೆ ಇರಬಹುದು. ಹಾಗಾಗಿ ಏನೇ ವಿಚಿತ್ರ ಕಂಡರೂ ಮೊದಲು ಹೋಗಬೇಕಾದ್ದು ಗಂಡು ಕೋಶಗಳ ಹತ್ತಿರ, ಅದರಲ್ಲೂ ಹೊರಬರಲು ಒಂದೆರಡು ದಿನ ಬಾಕಿ ಇರುವವುಗಳ ಹತ್ತಿರ. ಹಾರಾಡುವ ಗಂಡುಗಳನ್ನು ನಂಬಬೇಡಿ, ಅವು ಪಕ್ಕದ ಪೆಟ್ಟಿಗೆಗೆ ಹೋಗಿ ಆರಾಮಾಗಿ ಕೂರುತ್ತವೆ, ಯಾರೂ ತಡೆಯುವುದಿಲ್ಲ. ಮುಚ್ಚಳದ ಒಳಗಿರುವುದು ಮಾತ್ರ ಆ ಪೆಟ್ಟಿಗೆಯದ್ದೇ ಅಂತ ಹೇಳಬಹುದು.

ಎಷ್ಟು ಬಿಚ್ಚಬೇಕು? ಇಪ್ಪತ್ತು ಸಾಕು. ರಾಣಿ ನಿಜವಾಗಿ ಆ ಜೀನ್ ಹೊತ್ತಿದ್ದರೆ ಇಪ್ಪತ್ತೂ ಸರಿಯಾಗೇ ಇರುವ ಸಾಧ್ಯತೆ ಹತ್ತು ಲಕ್ಷಕ್ಕೊಂದು. ನಾಣ್ಯ ಇಪ್ಪತ್ತು ಸಲ ಚಿಮ್ಮಿದರೆ ಇಪ್ಪತ್ತು ಸಲವೂ ತಲೆಯೇ ಬಿದ್ದ ಹಾಗೆ. ಅರ್ಧ ಇದ್ದರೆ ರಾಣಿಯಿಂದ ಬಂದದ್ದು ಅಂತ ಬರೆದುಕೊಳ್ಳಿ. ಕಾಲು ಭಾಗ ಇದ್ದರೆ ಇತ್ತೀಚೆಗೆ ರಾಣಿ ಬದಲಾಗಿದೆಯಾ ನೋಡಿ, ಹಳೆಯವಳ ಮಕ್ಕಳೂ ಹೊಸಬಳ ಮಕ್ಕಳೂ ಬೆರೆತಿರಬಹುದು. ನೂರಕ್ಕೆ ಒಂದೇ ಒಂದು ಇದ್ದರೆ ಅದು ಆ ಹುಳದ ಸ್ವಂತ ಎಡವಟ್ಟು, ಕುಟುಂಬದ್ದಲ್ಲ.

ಬಿಳಿ ಕಣ್ಣು

ಈಗ ಆ ಪರೀಕ್ಷೆ. ಪ್ಯೂಪಾದಲ್ಲಿ ಕಣ್ಣಿಗೆ ಬಣ್ಣ ಬರುವುದು ಮೊದಲು, ಮೈ ಕಪ್ಪಾಗುವುದು ಆಮೇಲೆ. ಈ ಕ್ರಮ ತಪ್ಪುವುದಿಲ್ಲ. ಕೋಶದಿಂದ ಎಳೆದ ಹುಳದ ಎದೆ, ಕಾಲು, ಹೊಟ್ಟೆಯ ಪಟ್ಟೆ ಎಲ್ಲ ಕಂದು ಕಪ್ಪಾಗಿದ್ದು ಕಣ್ಣು ಮಾತ್ರ ಬೆಳ್ಳಗೇ ಉಳಿದಿದ್ದರೆ ಅದು ನಿಜವಾದ ಮ್ಯುಟೇಶನ್. ಮೈಯೂ ಬಿಳಿ, ಕಣ್ಣೂ ಬಿಳಿ ಆಗಿದ್ದರೆ ಅದಿನ್ನೂ ಎಳೆಯದು, ನನ್ನ ಹಾಗೆ ಫೋನ್ ಮಾಡಬೇಡಿ.

ಬೆಳೆದ ನೊಣದಲ್ಲಿ ಕಂಡರೆ ಇನ್ನೂ ಒಂದು ಸಣ್ಣ ಕೆಲಸ ಇದೆ. ಬೆರಳ ತುದಿ ಒದ್ದೆ ಮಾಡಿ ಕಣ್ಣಿನ ಮೇಲೆ ಮೆಲ್ಲಗೆ ಸವರಿ. ಪರಾಗದ ಪುಡಿ ದಪ್ಪಗೆ ಅಂಟಿದರೂ ಕಣ್ಣು ಬಿಳಿ ಹಳದಿ ಕಾಣುತ್ತದೆ. ನಗಬೇಡಿ, ಇದಕ್ಕೆ ಮೋಸ ಹೋದವರನ್ನು ನೋಡಿದ್ದೇನೆ.

ಕಣ್ಣು ಯಾಕೆ ಬೆಳ್ಳಗಾಗುತ್ತದೆ ಅಂದರೆ, ಕಣ್ಣಿನ ಕಪ್ಪು ಬಣ್ಣ ಒಂದೇ ಸಲಕ್ಕೆ ತಯಾರಾಗುವುದಲ್ಲ. ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲದಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ತಯಾರಾಗುತ್ತದೆ. ಯಾವ ಮೆಟ್ಟಿಲು ಮುರಿದಿದೆ ಅನ್ನುವುದರ ಮೇಲೆ ಬಣ್ಣ. "ಸ್ನೋ" ಅಂತ ಹೆಸರಿಟ್ಟಿರುವ ಮ್ಯುಟೇಶನ್‌ನಲ್ಲಿ ಮೊದಲ ಮೆಟ್ಟಿಲೇ ಇಲ್ಲ, ಟ್ರಿಪ್ಟೋಫ್ಯಾನ್ ಅನ್ನು ಮುಂದಿನ ರೂಪಕ್ಕೆ ತರುವ ಕಿಣ್ವ ಕೆಲಸ ಮಾಡುವುದಿಲ್ಲ. ಹಾಗಾಗಿ ಅಚ್ಚ ಬಿಳಿ. ಕೆಲವದರಲ್ಲಿ ಕೆಲಸ ಪೂರ್ತಿ ನಿಂತಿರುವುದಿಲ್ಲ, ಅರೆಬರೆ ನಡೆಯುತ್ತದೆ, ಆಗ ಕೆನೆ, ಹಸಿರು ಮಿಶ್ರ ಹಳದಿ, ಇಟ್ಟಿಗೆ ಕೆಂಪು ಹೀಗೆ ನಾನಾ ಬಣ್ಣ. ಕ್ರೀಮ್, ಚಾರ್ಟ್ರೂಸ್, ಬ್ರಿಕ್, ಗಾರ್ನೆಟ್ ಅಂತೆಲ್ಲ ಹೆಸರು ಕೊಟ್ಟಿದ್ದಾರೆ, ಬಟ್ಟೆ ಅಂಗಡಿಯ ಕ್ಯಾಟಲಾಗ್ ಥರ.

ಈ ಗಂಡುಗಳಿಗೆ ಕಣ್ಣು ಕಾಣುವುದಿಲ್ಲ. ಜೇನಿನ ಕಣ್ಣು ಸಾವಿರಾರು ಪುಟ್ಟ ಕೊಳವೆಗಳನ್ನು ಒತ್ತೊತ್ತಾಗಿ ಜೋಡಿಸಿದ ಹಾಗಿರುತ್ತದೆ. ಒಂದು ಕೊಳವೆಯ ಬೆಳಕು ಪಕ್ಕದ್ದಕ್ಕೆ ಸೋರದ ಹಾಗೆ ನಡುವೆ ಕಪ್ಪು ಬಣ್ಣದ ಗೋಡೆ. ಗೋಡೆ ಇಲ್ಲದಿದ್ದರೆ ಎಲ್ಲ ಕಡೆಯ ಬೆಳಕೂ ಕಲಸಿಹೋಗಿ ಚಿತ್ರವೇ ಮೂಡುವುದಿಲ್ಲ. ಪೆಟ್ಟಿಗೆಯ ಒಳಗೆ ಹೇಗೂ ಕತ್ತಲು, ಅಲ್ಲಿ ಏನೂ ತೊಂದರೆ ಇಲ್ಲ, ಉಂಡುಕೊಂಡು ಓಡಾಡಿಕೊಂಡು ಇರುತ್ತವೆ. ಹೊರಗೆ ಹಾರಿದವು ಮಾತ್ರ ವಾಪಸ್ ಬರುವುದಿಲ್ಲ. ಅದಕ್ಕೇ ಬಿಳಿ ಕಣ್ಣಿನ ಗಂಡು ಬಾಗಿಲ ಬಳಿ ಸಿಗುವುದು ಕಡಿಮೆ, ಫ್ರೇಮಿನ ಮೇಲೆ ಸಿಗುವುದು ಜಾಸ್ತಿ.

ಇಲ್ಲೊಂದು ಒಳ್ಳೆಯ ತರ್ಕ ಇದೆ, ರೋಗ ಪತ್ತೆಗೆ ಉಪಯೋಗಕ್ಕೆ ಬರುವಂಥದ್ದು. ಯಾರಾದರೂ "ನನ್ನ ಪೆಟ್ಟಿಗೆಯಲ್ಲಿ ಕೆಲಸಗಾರ ನೊಣಗಳಿಗೇ ಬಿಳಿ ಕಣ್ಣು, ಗುಂಪುಗುಂಪಾಗಿ" ಅಂದರೆ ಅನುಮಾನ ಪಡಿ. ಹೆಣ್ಣಿಗೆ ಬಿಳಿ ಕಣ್ಣು ಬರಬೇಕಾದರೆ ತಾಯಿಯಿಂದಲೂ ಬರಬೇಕು, ತಂದೆಯಿಂದಲೂ ಬರಬೇಕು. ಆ ತಂದೆ ಬಿಳಿ ಕಣ್ಣಿನವನೇ ಆಗಿರಬೇಕು. ಅವನು ಕುರುಡ. ಆಕಾಶದಲ್ಲಿ ಹಾರುತ್ತಿರುವ ರಾಣಿಯನ್ನು ಅಟ್ಟಿಸಿಕೊಂಡು ಹೋಗಿ ಕೂಡಲು ಅವನಿಂದ ಹೇಗೆ ಸಾಧ್ಯ? ಪ್ರಯೋಗಾಲಯದಲ್ಲಿ ಉಪಕರಣ ಹಿಡಿದು ರಾಣಿಗೆ ಕೃತಕ ಗರ್ಭಧಾರಣೆ ಮಾಡಿದರೆ ಬಿಳಿ ಕಣ್ಣಿನ ಕೆಲಸಗಾರರನ್ನು ಪಡೆಯಬಹುದು, ಪಡೆದೂ ಇದ್ದಾರೆ. ತಾನಾಗಿ ಕೂಡಿದ ರಾಣಿಯ ಪೆಟ್ಟಿಗೆಯಲ್ಲಿ ಹಾಗೆ ಕಂಡರೆ ನೋಡಿದ್ದರಲ್ಲೇ ಏನೋ ತಪ್ಪಿದೆ. ಆದರೆ ಒಂದೇ ಒಂದು ಕೆಲಸಗಾರ ನೊಣ, ಅದಕ್ಕೆ ಒಂದೇ ಕಣ್ಣು ಬಿಳಿ ಅಥವಾ ಕಣ್ಣಿನ ಒಂದು ತುಂಡು ಮಾತ್ರ ಬಿಳಿ ಆಗಿದ್ದರೆ ಅದು ಬೇರೆ ವಿಷಯ. ಬೆಳೆಯುವಾಗ ಆ ಜಾಗದ ಜೀವಕೋಶದಲ್ಲಿ ಮಾತ್ರ ಎಡವಟ್ಟಾಗಿದೆ, ಇಲ್ಲವೇ ಅದು ಮುಂದೆ ಹೇಳುವ ಅರ್ಧನಾರೀಶ್ವರ ಗುಂಪಿಗೆ ಸೇರಿದ್ದು.

ಇನ್ನೊಂದು ಕಣ್ತಪ್ಪು: "ಒಂಟಿಕಣ್ಣಿನ ನೊಣ". ಎರಡು ಕಣ್ಣೂ ನೆತ್ತಿಯಲ್ಲಿ ಕೂಡಿಕೊಂಡು ಒಂದೇ ಆಗಿರುವ ಕೆಲಸಗಾರ ನೊಣಗಳು ಅಪರೂಪಕ್ಕೆ ಹುಟ್ಟುವುದು ಹೌದು. ಆದರೆ ಹೊಸಬರು ತೋರಿಸುವ ಒಂಟಿಕಣ್ಣುಗಳು ಬಹುಪಾಲು ಸಾಮಾನ್ಯ ಗಂಡು ನೊಣಗಳೇ. ಗಂಡಿಗೆ ಕಣ್ಣು ದೊಡ್ಡದು, ನೆತ್ತಿಯ ಮೇಲೆ ಎರಡೂ ಮುಟ್ಟಿಕೊಂಡೇ ಇರುತ್ತವೆ. ಹಿಂಗಾಲಲ್ಲಿ ಪರಾಗದ ಬುಟ್ಟಿ ಇದೆಯಾ ನೋಡಿ, ಇಲ್ಲದಿದ್ದರೆ ಅದು ಗಂಡು, ಕಥೆ ಮುಗಿಯಿತು.

ತಾಮ್ರದ ಮೈ

ಕಪ್ಪು ಇರಬೇಕಾದ ಕಡೆಯೆಲ್ಲ ಕೆಂಪು ಮಿಶ್ರಿತ ಕಂದು, ಹೊಸ ಚರ್ಮದ ಚಪ್ಪಲಿಯ ಬಣ್ಣ. ಇದು ಕಾರ್ಡೋವನ್ ಎಂಬ ಮ್ಯುಟೇಶನ್. ನೋಡಲು ತುಂಬ ಚೆಂದ, ನೊಣಕ್ಕೆ ಏನೂ ತೊಂದರೆ ಇಲ್ಲ, ಕಣ್ಣು ಕಾಣುತ್ತದೆ, ಹಾರುತ್ತದೆ, ಕೂಡುತ್ತದೆ. ಹಾಗಾಗಿ ಇದು ಗಂಡುಗಳಲ್ಲಷ್ಟೇ ಅಲ್ಲ, ಕೆಲಸಗಾರರಲ್ಲೂ ಕಾಣಬಹುದು. ತಳಿ ಅಭಿವೃದ್ಧಿ ಮಾಡುವವರಿಗೆ ಇದು ಅಚ್ಚುಮೆಚ್ಚು: ಕಾರ್ಡೋವನ್ ರಾಣಿಯ ಕೆಲಸಗಾರ ಮಕ್ಕಳು ತಾಮ್ರದ ಬಣ್ಣದವಾದರೆ ತಂದೆಯೂ ಕಾರ್ಡೋವನ್, ಕಪ್ಪಾದರೆ ಹೊರಗಿನ ಗಂಡು ಬಂದು ಹೋಗಿದ್ದಾನೆ. ಡಿಎನ್ಎ ಪರೀಕ್ಷೆಯೇ ಬೇಡ, ಬಣ್ಣ ನೋಡಿ ಎಣಿಸಿದರೆ ಆಯಿತು.

ಯಾವುದನ್ನು ಇದೆಂದು ತಪ್ಪು ತಿಳಿಯಬಹುದು? ಆಗಷ್ಟೇ ಹೊರಬಂದ ಎಳೆ ನೊಣ ಬೂದು ಬಣ್ಣಕ್ಕೆ, ಪೇಲವವಾಗಿ, ಮೆತ್ತಗೆ ಇರುತ್ತದೆ. ಒಂದೆರಡು ದಿನದಲ್ಲಿ ಬಣ್ಣ ತುಂಬಿಕೊಳ್ಳುತ್ತದೆ. ಎದೆಯ ಮೇಲೆ ಒಂದು ಚುಕ್ಕಿ ಬಣ್ಣ ಹಾಕಿ ಮೂರನೇ ದಿನ ನೋಡಿ. ಇನ್ನೊಂದು, ಒಂದೇ ಪೆಟ್ಟಿಗೆಯಲ್ಲಿ ಸ್ವಲ್ಪ ಹಳದಿ, ಸ್ವಲ್ಪ ಕಪ್ಪು ನೊಣಗಳು ಬೆರೆತಿರುವುದು. ರಾಣಿ ಹತ್ತು ಹದಿನೈದು ಗಂಡುಗಳ ಜೊತೆ ಕೂಡಿರುತ್ತಾಳೆ, ಅಷ್ಟು ಜನ ಅಪ್ಪಂದಿರ ಮಕ್ಕಳು ಒಂದೇ ಬಣ್ಣಕ್ಕೆ ಇರಬೇಕು ಅಂದರೆ ಹೇಗೆ? ಇದರಲ್ಲಿ ಮ್ಯುಟೇಶನ್ ಹುಡುಕಬೇಡಿ.

ರೆಕ್ಕೆ ಮುದುಡಿದ್ದು, ಮೈ ಕೂದಲು ಉದುರಿದ್ದು

ಸುಮ್ನೆ ಹೇಳಿಬಿಡುತ್ತೇನೆ, ಇದು ಮ್ಯುಟೇಶನ್ ಅಲ್ಲ. ರೆಕ್ಕೆ ಗಿಡ್ಡವಾಗುವ ಮ್ಯುಟೇಶನ್‌ಗಳು ಇವೆ, ಕೂದಲಿಲ್ಲದ ಮ್ಯುಟೇಶನ್ ಕೂಡ ಇದೆ, ಆದರೆ ನಿಮ್ಮ ಮುಂದಿರುವುದು ಅದಾಗಿರುವ ಸಾಧ್ಯತೆ ತೀರಾ ಕಡಿಮೆ. ಮುದುಡಿದ ರೆಕ್ಕೆ, ಗಿಡ್ಡ ಹೊಟ್ಟೆ, ಬಾಗಿಲ ಮುಂದೆ ತೆವಳಾಟ ಅಂದರೆ ವರೋವಾ ನುಸಿ ಹರಡುವ ರೆಕ್ಕೆ ವಿಕಾರದ ವೈರಸ್. ಅರ್ಧ ಕಪ್ ನೊಣ, ಅಂದರೆ ಸುಮಾರು 300, ಜಾಲರಿ ಮುಚ್ಚಳದ ಬಾಟಲಿಗೆ ಹಾಕಿ, ಸಕ್ಕರೆ ಪುಡಿ ಉದುರಿಸಿ ಉರುಳಿಸಿ, ಬಿಳಿ ತಟ್ಟೆಯ ಮೇಲೆ ಕುಲುಕಿ. ಎಷ್ಟು ನುಸಿ ಬಿತ್ತು ಎಣಿಸಿ. ಎಣಿಸುವವರೆಗೂ ಜೆನೆಟಿಕ್ಸ್ ಮಾತು ಬೇಡ. ವೈರಸ್ಸಿಗೆ ಅಚ್ಚುಕಟ್ಟು ಇಲ್ಲ: ಒಂದರ ಎಡ ರೆಕ್ಕೆ ಪೂರ್ತಿ ಮುದುಡಿದರೆ ಇನ್ನೊಂದರ ಬಲ ರೆಕ್ಕೆಯ ತುದಿ ಮಾತ್ರ. ಮ್ಯುಟೇಶನ್ ಆದರೆ ಎರಡೂ ಕಡೆ ಒಂದೇ ಥರ, ಗಂಡುಗಳಲ್ಲಿ ಅರ್ಧಕ್ಕೆ ಅದೇ ಅಚ್ಚು.

ಫ್ರೇಮಿನ ಅಂಚಿನ ಕೋಶಗಳಿಂದ ಬಂದವಕ್ಕೆ ಮಾತ್ರ ರೆಕ್ಕೆ ಸರಿ ಇಲ್ಲದಿದ್ದರೆ ಚಳಿ ಹೊಡೆದಿದೆ. ಮರಿಗಳಿರುವ ಜಾಗ 34ರಿಂದ 36 ಡಿಗ್ರಿ ಇರಬೇಕು, ನೊಣ ಕಡಿಮೆ ಇದ್ದರೆ ಅಂಚಿನವಕ್ಕೆ ಆ ಬಿಸಿ ತಲುಪುವುದಿಲ್ಲ. ಕೂದಲಿಲ್ಲದೆ ಎಣ್ಣೆ ಹಚ್ಚಿದ ಹಾಗೆ ಕಪ್ಪಗೆ ಮಿಂಚುತ್ತಾ ನಡುಗುತ್ತಿದ್ದರೆ ಪಾರ್ಶ್ವವಾಯು ವೈರಸ್. ಕೋಶದಿಂದ ಹೊರಬರುತ್ತಿರುವ ಎಳೆ ನೊಣ ನೋಡಿ, ಅದರ ಮೈತುಂಬ ಕೂದಲಿದ್ದರೆ ಜೀನ್ ಸರಿಯಾಗಿದೆ, ಕೂದಲು ಆಮೇಲೆ ಹೋಗಿದೆ.

ಅರ್ಧ ಗಂಡು, ಅರ್ಧ ಹೆಣ್ಣು

ನಾನು ನೋಡಿದ್ದು ಒಂದೇ ಸಲ. ಎಡಗಡೆ ಗಂಡಿನ ದೊಡ್ಡ ಕಣ್ಣು, ನೆತ್ತಿಯವರೆಗೂ ಉಬ್ಬಿಕೊಂಡು. ಬಲಗಡೆ ಕೆಲಸಗಾರಳ ಸಣ್ಣ ಕಣ್ಣು, ಕೆನ್ನೆಯ ಪಕ್ಕದಲ್ಲಿ. ಮುಖ ಸೊಟ್ಟ. ಭೂತಗನ್ನಡಿ ಹಿಡಿದು ಮೀಸೆ ಎಣಿಸಿದೆ: ಹೆಣ್ಣಿನ ಮೀಸೆಗೆ 12 ಗೆಣ್ಣು, ಗಂಡಿನದಕ್ಕೆ 13. ಎಡಕ್ಕೆ ಹದಿಮೂರು, ಬಲಕ್ಕೆ ಹನ್ನೆರಡು ಬಂತು. ಎರಡು ಸಲ ತಪ್ಪಾಗಿ ಎಣಿಸಿ ಮೂರನೇ ಸಲ ಸರಿಯಾಯಿತು, ಯಾಕೆಂದರೆ ಅದು ಮೀಸೆ ಆಡಿಸುವುದನ್ನು ನಿಲ್ಲಿಸುತ್ತಿರಲಿಲ್ಲ. ಹಿಂಗಾಲು ಎರಡರಲ್ಲೂ ಪರಾಗದ ಬುಟ್ಟಿ ಇತ್ತು. ಅಂದರೆ ತಲೆ ಮಾತ್ರ ಬೆರಕೆ, ಉಳಿದ ಮೈ ಹೆಣ್ಣು. ಹೀಗೇ ಇರಬೇಕೆಂದಿಲ್ಲ, ಬೆರಕೆ ಎಲ್ಲಿ ಬೇಕಾದರೂ ಇರಬಹುದು, ಎಡಬಲ ಭಾಗವಾಗಿ, ಮುಂದೆ ಹಿಂದೆ ಭಾಗವಾಗಿ, ಅಥವಾ ತೇಪೆ ಹಾಕಿದ ಹಾಗೆ. ಹಿಡಿಯುವಾಗ ಹುಷಾರು, ಮುಖ ನೋಡಿ ಗಂಡು ಅಂತ ಹಿಡಿದರೆ ಹಿಂಭಾಗ ಹೆಣ್ಣಿನದಾಗಿದ್ದು ಕುಟುಕಬಹುದು.

ಇದು ಹೊಸ ಸುದ್ದಿಯೇನಲ್ಲ. 1860ರ ದಶಕದಲ್ಲಿ ಜರ್ಮನಿಯ ಕಾನ್‌ಸ್ಟಾನ್ಸ್‌ನಲ್ಲಿ ಯೂಗ್‌ಸ್ಟರ್ ಎಂಬವರ ಒಂದು ಪೆಟ್ಟಿಗೆಯಲ್ಲಿ ಇಂಥವು ಬಹಳ ಹುಟ್ಟುತ್ತಿದ್ದವು. ಸೀಬೋಲ್ಡ್ ಎಂಬ ಪ್ರಾಣಿಶಾಸ್ತ್ರಜ್ಞ 1864ರಲ್ಲಿ ಅವನ್ನು ವಿವರವಾಗಿ ಬರೆದ.

ಕಾರಣ ಏನು ಗೊತ್ತಾ? ಜೇನಿನ ಮೊಟ್ಟೆಯೊಳಗೆ ಒಂದೇ ವೀರ್ಯಾಣು ಹೋಗುವುದಿಲ್ಲ, ಹಲವು ಹೋಗುತ್ತವೆ. ಒಂದು ಮೊಟ್ಟೆಯ ಕೋಶಕೇಂದ್ರದ (ನ್ಯೂಕ್ಲಿಯಸ್) ಜೊತೆ ಸೇರುತ್ತದೆ, ಉಳಿದವು ಕರಗಿಹೋಗುತ್ತವೆ. ಅಪರೂಪಕ್ಕೆ ಹೀಗೆ ಉಳಿದದ್ದೊಂದು ಕರಗದೆ ತಾನೇ ಒಡೆದು ಬೆಳೆಯಲು ಶುರುಮಾಡುತ್ತದೆ. ಅದಕ್ಕೆ 16 ಕ್ರೋಮೋಸೋಮ್ ಅಷ್ಟೇ, ಹಾಗಾಗಿ ಅದರಿಂದ ಬೆಳೆದ ಭಾಗ ಗಂಡು. ಸೇರಿಕೊಂಡದ್ದರಿಂದ ಬೆಳೆದದ್ದು ಹೆಣ್ಣು. ಸಾಮಾನ್ಯ ಗಂಡು ನೊಣ ಪೂರ್ತಿ ಅಮ್ಮನದು, ಈ ಗಂಡು ತುಂಡು ಮಾತ್ರ ಪೂರ್ತಿ ಅಪ್ಪನದು! ಅಮೆರಿಕದ ವಾಲ್ಟರ್ ರಾತೆನ್‌ಬುಲರ್ ಮತ್ತು ಜೊತೆಗಾರರು 1952ರಲ್ಲಿ ಇದನ್ನು ತೋರಿಸಿಕೊಟ್ಟರು. ಅಪ್ಪ ಅಮ್ಮನ ಬಣ್ಣದ ಗುರುತು ಬೇರೆಬೇರೆ ಇದ್ದರೆ ಯಾವ ತುಂಡು ಯಾರ ಕಡೆಯದು ಅಂತ ಕಣ್ಣಲ್ಲೇ ಓದಬಹುದು. 2018ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು ಒಂದೇ ಕುಟುಂಬದ 11 ಇಂಥ ನೊಣಗಳ ಜೀನ್ ಪರೀಕ್ಷೆ ಮಾಡಿದಾಗ ಕೆಲವಕ್ಕೆ ಇಬ್ಬರು ಮೂವರು ಅಪ್ಪಂದಿರು ಸಿಕ್ಕರು. ಒಂದಕ್ಕಂತೂ ಅಪ್ಪಂದಿರು ಇಬ್ಬರು, ಅಮ್ಮನೇ ಇಲ್ಲ.

ಹಾಗಾದರೆ ಇದು ಮ್ಯುಟೇಶನ್ನಾ? ಒಂದೇ ಸಿಕ್ಕರೆ ಅಲ್ಲ, ಅದು ಆ ಮೊಟ್ಟೆಯ ಎಡವಟ್ಟು. ಮೊಟ್ಟೆಗೆ ಚಳಿ ತಾಗಿದರೂ ಆಗುತ್ತದೆ, ಮೊಟ್ಟೆಗಳನ್ನು ತಂಪು ಮಾಡಿ ಇಂಥವನ್ನು ಹುಟ್ಟಿಸಿದ ಪ್ರಯೋಗ 1963ರಲ್ಲೇ ಆಗಿದೆ. ಆದರೆ ಅದೇ ರಾಣಿಯಿಂದ ಬೆಚ್ಚಗಿನ ದಿನಗಳಲ್ಲೂ ಮತ್ತೆ ಮತ್ತೆ ಬರುತ್ತಿದ್ದರೆ ಆ ಕುಲದಲ್ಲೇ ಏನೋ ಇದೆ. ಸಿಕ್ಕವನ್ನೆಲ್ಲ ತಾರೀಖು ಹಾಕಿ ಎತ್ತಿಡಿ. ತಡ ಮಾಡಿದರೆ ಸಿಗುವುದಿಲ್ಲ, ಗೂಡಿನ ನೊಣಗಳೇ ಎಳೆದು ಹೊರಗೆ ಹಾಕುತ್ತವೆ.

ತೂತು ತೂತಾದ ಸಂಸಾರ

ಕಣ್ಣಿಗೆ ಕಾಣುವ ವಿಚಿತ್ರಗಳಿಂದ ಪೆಟ್ಟಿಗೆ ಹಾಳಾಗುವುದಿಲ್ಲ. ಹಾಳು ಮಾಡುವುದು ಇದು. ಮುಚ್ಚಿದ ಕೋಶಗಳ ಮಧ್ಯೆ ಮಧ್ಯೆ ಖಾಲಿ ಕೋಶ, ಗುಂಡು ಹೊಡೆದ ಗೋಡೆ ಥರ. ನನ್ನ ಒಂದು ಪೆಟ್ಟಿಗೆಯಲ್ಲಿ ಮೂರರಲ್ಲೊಂದು ಖಾಲಿ. ರೋಗ ಅಂದುಕೊಂಡೆ. ಎರಿ ಬದಲಾಯಿಸಿದೆ, ಸಕ್ಕರೆ ಪಾಕ ಕೊಟ್ಟೆ, ಪೆಟ್ಟಿಗೆ ಸುಟ್ಟು ತೊಳೆದೆ, ಎರಡು ತಿಂಗಳು ಹೋಯಿತು, ಏನೂ ಬದಲಾಗಲಿಲ್ಲ. ವಾಸನೆ ಇಲ್ಲ, ಕೊಳೆತ ಮರಿ ಇಲ್ಲ, ಬರೀ ಖಾಲಿ.

ಆಮೇಲೆ ಗೊತ್ತಾದದ್ದು: ಲಿಂಗ ನಿರ್ಧರಿಸುವ ಒಂದೇ ಒಂದು ಜೀನ್ ಇದೆ, ಅದರ ಹೆಸರು ಸಿಎಸ್‌ಡಿ. 2003ರಲ್ಲಿ ಮಾರ್ಟಿನ್ ಬೈ ಮತ್ತು ಜೊತೆಗಾರರು ಅದನ್ನು ಗುರುತಿಸಿದರು. ಅದಕ್ಕೆ ನೂರಕ್ಕೂ ಹೆಚ್ಚು ರೂಪಗಳಿವೆ. ಅಮ್ಮನಿಂದ ಬಂದದ್ದೂ ಅಪ್ಪನಿಂದ ಬಂದದ್ದೂ ಬೇರೆಬೇರೆ ರೂಪವಾದರೆ ಹೆಣ್ಣು. ಅಮ್ಮನಿಂದ ಬಂದದ್ದೊಂದೇ ಇದ್ದರೆ ಗಂಡು, ಅದಕ್ಕೇ ಅಪ್ಪನಿಲ್ಲದ ಮೊಟ್ಟೆ ಗಂಡಾಗುವುದು. ಎರಡೂ ಒಂದೇ ರೂಪವಾಗಿಬಿಟ್ಟರೆ? 32 ಕ್ರೋಮೋಸೋಮ್ ಇದ್ದರೂ ಗಂಡು. ಇಂಥ ಮರಿಯನ್ನು ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಕೆಲಸಗಾರ ನೊಣಗಳು ತಿಂದುಬಿಡುತ್ತವೆ. ಪೋಲೆಂಡಿನ ಯೆರ್ಜಿ ವೊಯ್ಕೆ ಇದನ್ನು 1963ರಲ್ಲಿ ಪತ್ತೆಹಚ್ಚಿದರು. ಮರಿಗಳನ್ನು ಗೂಡಿನಿಂದ ಹೊರಗೆ ತೆಗೆದು ಸಾಕಿದಾಗ ಅವು ಬದುಕಿ ದೊಡ್ಡವಾದವು ಕೂಡ. ಅಂದರೆ ಮರಿಗೆ ರೋಗ ಇಲ್ಲ.

ನಾನು ಮಾಡಿದ್ದ ತಪ್ಪು ಏನೆಂದರೆ, ಒಂದು ಒಳ್ಳೆಯ ಪೆಟ್ಟಿಗೆಯಿಂದಲೇ ವರ್ಷಗಟ್ಟಲೆ ರಾಣಿ ಮಾಡಿಕೊಂಡು ಬಂದಿದ್ದೆ. ಸುತ್ತ ಹಾರುವ ಗಂಡುಗಳೆಲ್ಲ ಅಕ್ಕತಂಗಿಯರ ಮಕ್ಕಳು.

ಪತ್ತೆ ಹಚ್ಚುವುದು ಕಷ್ಟವಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಫ್ರೇಮಿನ ಮೇಲಿಟ್ಟು ಮೂಲೆಗಳಿಗೆ ಪಿನ್ ಚುಚ್ಚಿ ಜಾಗ ಗುರುತು ಮಾಡಿ. ಮೊಟ್ಟೆ ಇರುವ ನೂರು ಕೋಶಗಳ ಮೇಲೆ ಮಾರ್ಕರ್‌ನಲ್ಲಿ ಚುಕ್ಕಿ ಇಡಿ. ಮೊಟ್ಟೆ ಒಡೆಯುವುದು ಮೂರು ದಿನಕ್ಕೆ. ನಾಲ್ಕೈದು ದಿನ ಬಿಟ್ಟು ಅದೇ ಹಾಳೆ ಇಟ್ಟು ನೋಡಿ, ಮುಚ್ಚಳ ಬೀಳುವ ಹೊತ್ತಿಗೆ, ಅಂದರೆ ಒಂಬತ್ತನೇ ದಿನದ ಸುಮಾರಿಗೆ ಮತ್ತೊಮ್ಮೆ. ಖಾಲಿಯಾದದ್ದೆಲ್ಲ ಮೊಟ್ಟೆ ಒಡೆದ ಆಸುಪಾಸಿನಲ್ಲೇ ಆಗಿದ್ದು ಆಮೇಲೆ ಏನೂ ಕಡಿಮೆ ಆಗದಿದ್ದರೆ ಇದೇ. ದೊಡ್ಡ ಮರಿಗಳು, ಮುಚ್ಚಿದ ಕೋಶಗಳು ಖಾಲಿಯಾಗುತ್ತಿದ್ದರೆ ರೋಗ ಅಥವಾ ನುಸಿ, ಆ ದಾರಿ ಹಿಡಿಯಿರಿ.

ಇದಕ್ಕಿಂತ ಸುಲಭದ ಗುರುತೂ ಒಂದಿದೆ, ನನಗೆ ಯಾರೂ ಹೇಳಿರಲಿಲ್ಲ. ಅದೇ ಫ್ರೇಮಿನ ಗಂಡು ಕೋಶಗಳನ್ನು ನೋಡಿ. ಅವಕ್ಕೆ ಅಪ್ಪ ಇಲ್ಲದ ಕಾರಣ ಈ ತೊಂದರೆಯೇ ಬರುವುದಿಲ್ಲ. ಗಂಡು ಕೋಶಗಳು ಒತ್ತಾಗಿ ತುಂಬಿದ್ದು ಕೆಲಸಗಾರ ಕೋಶಗಳು ಮಾತ್ರ ತೂತಾಗಿದ್ದರೆ ಹಾಳೆ ಪಿನ್ ಎಲ್ಲ ತರುವ ಮೊದಲೇ ಅರ್ಧ ಉತ್ತರ ಸಿಕ್ಕ ಹಾಗೆ. ರೋಗಕ್ಕೆ ಗಂಡು ಹೆಣ್ಣು ಭೇದ ಇಲ್ಲ.

ಲೆಕ್ಕವೂ ಸರಳ. ಒಂದು ಗಂಡಿನ ಸಿಎಸ್‌ಡಿ ರೂಪ ರಾಣಿಯ ಎರಡರಲ್ಲಿ ಒಂದಕ್ಕೆ ಹೊಂದಿದರೆ ಅವನ ಮಕ್ಕಳಲ್ಲಿ ಅರ್ಧ ಹೋಗುತ್ತವೆ. ರಾಣಿ ಕೂಡಿದ ಹತ್ತು ಗಂಡುಗಳಲ್ಲಿ ಒಬ್ಬ ಹಾಗಿದ್ದರೆ ನಷ್ಟ ನೂರಕ್ಕೆ 5, ಗೊತ್ತೇ ಆಗುವುದಿಲ್ಲ. ನನ್ನ ಪೆಟ್ಟಿಗೆಯಲ್ಲಿ ಮೂರನೇ ಒಂದು ಭಾಗ ಹೋಗುತ್ತಿತ್ತು, ಅಂದರೆ ಮೂವರಲ್ಲಿ ಇಬ್ಬರು ಗಂಡುಗಳು ನೆಂಟರು. 50ಕ್ಕಿಂತ ಜಾಸ್ತಿ ನಷ್ಟ ಇದ್ದರೆ ಇದೊಂದೇ ಕಾರಣ ಆಗಿರಲು ಸಾಧ್ಯವಿಲ್ಲ, ಬೇರೆಯದ್ದೂ ಸೇರಿಕೊಂಡಿದೆ.

ಔಷಧಿ ಇಲ್ಲ. ದೂರದ, ಸಂಬಂಧವಿಲ್ಲದ ಕುಟುಂಬದಿಂದ ಕೂಡಿದ ರಾಣಿ ತಂದು ಹಾಕಬೇಕು. ಅದೇ ಪೆಟ್ಟಿಗೆಯಲ್ಲಿ ಹೊಸ ರಾಣಿ ಎಬ್ಬಿಸಿದರೆ ಅವಳೂ ಹೋಗಿ ಅದೇ ನೆಂಟರ ಜೊತೆ ಕೂಡಿ ಬರುತ್ತಾಳೆ. ನಾನು ರಾಣಿ ಬದಲಾಯಿಸಿದ ಮೇಲೆ ಮೊದಲ ಮುಚ್ಚಿದ ಫ್ರೇಮ್ ನೋಡಿದಾಗ ಹಲಗೆಯ ಹಾಗೆ ಸಪಾಟಾಗಿತ್ತು. ಆ ಎರಡು ತಿಂಗಳ ಸಕ್ಕರೆ ನೆನಪಾಗಿ ಹೊಟ್ಟೆ ಉರಿಯಿತು.

ಇರಬಾರದ ಕಡೆ ಮೊಟ್ಟೆ

ರಾಣಿ ಕೆಳಗಿದ್ದಾಳೆ, ರಾಣಿ ತಡೆ ಜಾಲರಿಯ ಮೇಲಿನ ಜೇನು ಕೋಣೆಯಲ್ಲೂ ಮೊಟ್ಟೆ ಇದೆ. ಮೊದಲು ಜಾಲರಿ ಬಗ್ಗಿದೆಯಾ ನೋಡಿ. ಮೇಲೆ ಎರಡನೇ ರಾಣಿ ಇದ್ದಾಳಾ ನೋಡಿ. ನೀವೇ ಮರೆತು ಮೊಟ್ಟೆಯಿದ್ದ ಫ್ರೇಮ್ ಮೇಲಿಟ್ಟಿದ್ದೀರಾ ನೆನಪು ಮಾಡಿಕೊಳ್ಳಿ. ಈ ಮೂರೂ ಅಲ್ಲದಿದ್ದರೆ ಕುತೂಹಲದ ವಿಷಯ. ಕೆಲಸಗಾರ ನೊಣಗಳು ಮೊಟ್ಟೆಯಿಡಬಲ್ಲವು, ಆದರೆ ಜೊತೆಯವೇ ಅದನ್ನು ಹುಡುಕಿ ತಿಂದುಬಿಡುತ್ತವೆ. ರಾಣಿ ಇರುವ ಪೆಟ್ಟಿಗೆಯಲ್ಲಿ ಅವುಗಳಿಂದ ಹುಟ್ಟುವ ಗಂಡು ಸಾವಿರಕ್ಕೊಂದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಒಂದು ಪೆಟ್ಟಿಗೆಯಲ್ಲಿ ಈ ಪೊಲೀಸ್ ಕೆಲಸವನ್ನೇ ತಪ್ಪಿಸಿಕೊಳ್ಳುವ ಕುಲವೊಂದು ಸಿಕ್ಕಿತು, 1994ರಲ್ಲಿ ಅದರ ವರದಿ ಬಂತು. "ಅರಾಜಕ ಜೇನು" ಅಂತಲೇ ಹೆಸರು.

ರಾಣಿಯೇ ಇಲ್ಲ, ಒಂದೊಂದು ಕೋಶದಲ್ಲಿ ಮೂರು ನಾಲ್ಕು ಮೊಟ್ಟೆ, ಕೆಲಸಗಾರ ಕೋಶಗಳಲ್ಲೇ ಉಬ್ಬಿದ ಮುಚ್ಚಳದ ಗಂಡುಗಳು: ಇದು ಮಾಮೂಲಿ, ರಾಣಿ ಕಳೆದುಕೊಂಡ ಪೆಟ್ಟಿಗೆ ಹೀಗೇ ಆಗುತ್ತದೆ. ಮ್ಯುಟೇಶನ್ ಅಲ್ಲ. ಕೆಲಸಗಾರರ ಮೊಟ್ಟೆಯಿಂದ ಹೆಣ್ಣು ಹುಟ್ಟಿದರೆ ಮಾತ್ರ ಬೆಚ್ಚಿಬೀಳಬೇಕು. ದಕ್ಷಿಣ ಆಫ್ರಿಕಾದ ಕೇಪ್ ಜೇನಿನಲ್ಲಿ ಇದು ಸಹಜ. ಮೊಟ್ಟೆ ತಯಾರಾಗುವಾಗ ಬೇರೆಯಾದ ಎರಡು ಕೋಶಕೇಂದ್ರಗಳು ಮತ್ತೆ ಕೂಡಿಕೊಂಡು 32 ಪೂರ್ತಿ ಮಾಡಿಕೊಳ್ಳುತ್ತವೆ, ಅಪ್ಪನ ಅಗತ್ಯವೇ ಇಲ್ಲ. 1990ರಲ್ಲಿ ಅಲ್ಲಿನ ಜೇನು ಕೃಷಿಕರು ಈ ನೊಣಗಳನ್ನು ಉತ್ತರದ ಕಡೆ ಒಯ್ದರು, ಅಲ್ಲಿನ ಬೇರೆ ಉಪಜಾತಿಯ ಜೇನಿನ ಗೂಡುಗಳಿಗೆ ಇವು ನುಗ್ಗಿ ಮೊಟ್ಟೆಯಿಡತೊಡಗಿದವು, ಒಂದೇ ಕೆಲಸಗಾರಳ ಸಂತತಿ ಅಚ್ಚೊತ್ತಿದ ಹಾಗೆ ಹರಡಿ ಆ ಗೂಡುಗಳನ್ನು ಮುಗಿಸಿತು. 2020ರ ಒಂದು ಅಧ್ಯಯನ ಈ ಗುಣವನ್ನು 11ನೇ ಕ್ರೋಮೋಸೋಮಿನ ಒಂದು ಜೀನ್‌ಗೆ ತಂದು ನಿಲ್ಲಿಸಿದೆ.

ಮಾದರಿ ಎತ್ತಿಡುವುದು

ನಿಜವಾದ ಮ್ಯುಟೇಶನ್ ಅಂತ ಅನ್ನಿಸಿದರೆ ಒಂದು ನೊಣ ಸಾಲದು. ವಿಚಿತ್ರವಾದವು ಐದಾರು, ಅದೇ ಫ್ರೇಮಿನ ಸಾಮಾನ್ಯವಾದವು ಐದಾರು. ಫ್ರೀಜರ್‌ನಲ್ಲಿ ಅರ್ಧ ಗಂಟೆ ಇಟ್ಟು ಆಮೇಲೆ ಸಣ್ಣ ಬಾಟಲಿಗೆ ಹಾಕಿ, ಮುಳುಗುವಷ್ಟು 95 ಪರ್ಸೆಂಟ್ ಆಲ್ಕೋಹಾಲ್ ಸುರಿಯಿರಿ. ಕಣ್ಣಿನ ಬಣ್ಣದ ಫೋಟೋ ಅದಕ್ಕೂ ಮೊದಲೇ, ಜೀವಂತ ಇರುವಾಗಲೇ, ನೆರಳಿನಲ್ಲಿ ತೆಗೆಯಿರಿ. ರಾಣಿಯನ್ನು ಮಾತ್ರ ಅವಸರಪಟ್ಟು ಕೊಲ್ಲಬೇಡಿ, ಬಿಳಿ ಕಣ್ಣಿನ ಗಂಡು ಹಡೆದಳು ಅಂತ ಅವಳಿಂದ ಪೆಟ್ಟಿಗೆಗೆ ನಷ್ಟವೇನಿಲ್ಲ, ಅವಳು ಹೋದರೆ ಪರೀಕ್ಷೆಯೂ ಅಲ್ಲಿಗೇ ಮುಗಿಯಿತು. ಅವಳ ಅಕ್ಕತಂಗಿ ರಾಣಿಯರು ಬೇರೆ ಪೆಟ್ಟಿಗೆಗಳಲ್ಲಿದ್ದರೆ ಅಲ್ಲೂ ಇಪ್ಪತ್ತಿಪ್ಪತ್ತು ಗಂಡು ಕೋಶ ಬಿಚ್ಚಿ ನೋಡಿ, ಅವರಲ್ಲೂ ಅರ್ಧದಷ್ಟು ಜನ ಅದೇ ಜೀನ್ ಹೊತ್ತಿರಬಹುದು.

ಬಾಟಲಿಯೊಳಗೆ ಚೀಟಿ ಹಾಕುವಾಗ ಪೆನ್ಸಿಲ್‌ನಲ್ಲಿ ಬರೆಯಿರಿ. ನನ್ನ ಆ ಅರ್ಧನಾರೀಶ್ವರನ ಚೀಟಿ ಪೆನ್ನಿನಲ್ಲಿ ಬರೆದಿದ್ದೆ. ಈಗ ಬಾಟಲಿಯಲ್ಲಿ ನೊಣ ಇದೆ, ತಿಳಿನೀಲಿ ಬಣ್ಣದ ಆಲ್ಕೋಹಾಲ್ ಇದೆ, ತಾರೀಖು ಇಲ್ಲ.